ಅವನು ‘ನಾನು’ ಎಂದಾಗ

ತೊರಿಸಾ ನದಿಯ ದಡದ ನಗರಸಭೆ. ಹಿಂಬದಿಗೆ ಗಾಜಿನ ಗೂಡು.
ಒಳಗೆ ನಾನು, ಒಂದು ಮೈಕು, ಅರ್ಧ ಲೋಟ ನೀರು.
ಕಿವಿಗೆ ಸ್ಲೋವಾಕ್, ಬಾಯಿಗೆ ರೊಮಾನಿ.
ಕೊನೇ ಸಾಲಿನಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡ
ನಮ್ಮ ಓಣಿಯ ಏಳು ಮುದುಕರು,
ನಲ್ಲಿ ನೀರಿನ ಅರ್ಜಿಗೆಂದು
ಮದುವೆಯ ಕೋಟು ತೊಟ್ಟು ಬಂದವರು.

ಕೆಲಸಕ್ಕೆ ಸೇರಿದ ದಿನ ಕಲಿಸಿದ್ದು ಇಷ್ಟೇ:
ಅವರು ‘ನಾನು’ ಅಂದರೆ ನೀನೂ ‘ನಾನು’ ಅನ್ನು.
‘ಹೀಗಂತೆ, ಹಾಗಂತೆ’ ಬೇಡ.
ಬೈಗುಳಕ್ಕೆ ಬೈಗುಳ. ಖಾರ ಸೇರಿಸಬೇಡ, ತೊಳೆಯಲೂ ಬೇಡ.

ಸದಸ್ಯ ಬೆಡ್ನಾರ್ ಎದ್ದ.
ಇದು ಸ್ವತಂತ್ರ ದೇಶ, ಅಂದ. ನೋವಾಗುವವರಿಗೆ ಬಾಗಿಲು ಅಲ್ಲಿದೆ, ಅಂದ.
ಬಾಯಿಗೆ ಬೀಗ ಜಡಿದ ಕಾಲ ನಮ್ಮ ಮನೆ ಕಂಡಿದೆ, ಅಂದ.
ಅದು ನಿಜ. ಒಂದು ನಗೆಚಾಟಿಕೆಗೆ ಅವನಪ್ಪ
ಎರಡು ವರ್ಷ ಗಣಿಯಲ್ಲಿ ಕಲ್ಲು ಒಡೆದಿದ್ದ.
ಆಮೇಲೆ ಅಂದ: ‘ಆ ಓಣಿ ಕಂಡರೆ ನನಗೆ
ಹೇನು ಹತ್ತಿದ ತಲೆ ನೆನಪಾಗುತ್ತೆ.
ನೀರು ಕೊಟ್ಟರೆ ಏನು ಬಂತು? ಬೋಳಿಸಬೇಕು.’

ನಮ್ಮಲ್ಲಿ ನಾಲಿಗೆಗೂ ಭಾಷೆಗೂ ಒಂದೇ ಪದ: ಛಿಬ್.
ಹೇನಿಗೆ ಜುವ್.
ನನ್ನ ಛಿಬ್‌ನಿಂದ ನಾನೇ ಎತ್ತಿ ಬಿಟ್ಟೆ ಜುವ್,
ಏಳು ಜೋಡಿ ಕಿವಿಗೆ, ಜೋಪಾನವಾಗಿ.
ನನಗೆ, ಅಂದೆ. ಬೋಳಿಸಬೇಕು, ಅಂದೆ.
ಅಜ್ಜಿಯ ತಲೆಯನ್ನು ಒಮ್ಮೆ ಬೋಳಿಸಿದ್ದರು.
ಯಾವ ಶಿಬಿರದಲ್ಲಿ ಅಂತ ಹೇಳಲಿಲ್ಲ,
ಸಾಯುವ ತನಕ ತಲೆವಸ್ತ್ರ ಬಿಚ್ಚಲಿಲ್ಲ.

ಮುದುಕರು ಬೆಡ್ನಾರನನ್ನು ನೋಡಲಿಲ್ಲ.
ಹಿಂದೆ ತಿರುಗಿ ಗಾಜನ್ನು ನೋಡಿದರು.

ಆಗ ಎದ್ದ ಚರಂಡಿ ತೋಡುವ ಕೊಲೊಮಾನ್.
ಮೂರು ನಿಮಿಷ, ಅಂದರು ಅಧ್ಯಕ್ಷರು.
ಒಂದೂವರೆ ನಿಮಿಷ ಕೆಮ್ಮಿದ.
ಉಳಿದದ್ದರಲ್ಲಿ, ನಿಧಾನವಾಗಿ, ಮೊಮ್ಮಕ್ಕಳಿಗೆ ಕತೆ ಹೇಳುವ ಹಾಗೆ,
ಬೆಡ್ನಾರನ ತಾಯಿಯ ಮೇಲೊಂದು ಹಾಸ್ಯ ಹೇಳಿದ.
ಅದರಲ್ಲಿ ಒಂದು ಕತ್ತೆ ಇತ್ತು, ಇದ್ದಿಲ ಕೋಣೆ ಇತ್ತು,
ಮಿಕ್ಕಿದ್ದನ್ನು ಇಲ್ಲಿ ಬರೆಯಲಾರೆ.
ಆರು ಮುದುಕರು ಬೆಂಚು ಬಡಿದು ನಕ್ಕರು.
ಸಭೆ ತಡಬಡಿಸಿ ಹೆಡ್‌ಫೋನು ಹುಡುಕಿತು.
ಮೊದಲ ಸಲ ಅವರಿಗೆ ನಾನು ಬೇಕಾಗಿದ್ದೆ.

ಅವನ ತಾಯಿ, ಅಲ್ಜಬೆಟಾ ಟೀಚರು,
ಮೂರನೇ ಕ್ಲಾಸಿನಲ್ಲಿ ನನ್ನನ್ನು ಕೊನೇ ಬೆಂಚಿನಿಂದ ಎಬ್ಬಿಸಿ
ಕಿಟಕಿಯ ಪಕ್ಕ ಕೂರಿಸಿದವರು.
ಈ ಮಾರ್ಚಿನಲ್ಲಿ ಮಣ್ಣಾದರು. ನಾನೂ ಹೋಗಿದ್ದೆ. ದೂರ ನಿಂತಿದ್ದೆ.

ಎಲುಬಿಲ್ಲದ ನಾಲಿಗೆ, ಹೇಗೂ ಹೊರಳುತ್ತೆ ಅನ್ನುತ್ತಾರೆ.
ಹಾಗಾದರೆ ಗಂಟಲಿಗೆ ಅಡ್ಡ ನಿಂತದ್ದು ಏನು?
ಹೇನನ್ನು ತೊಳೆಯದೆ ಕೊಟ್ಟವಳು
ಕತ್ತೆಯ ಮೈ ತೊಳೆಯಲೇ?
ಒಂದು ಪದ ಬದಲಿಸಿದರೆ ಸಾಕಿತ್ತು,
ತಾಯಿ ಹೋಗಿ ಅತ್ತೆ ಆಗುತ್ತಿದ್ದಳು.
ಯಾರಿಗೆ ಗೊತ್ತಾಗುತ್ತಿತ್ತು.

ಹೇಳಿದೆ. ಕತ್ತೆ ಸಮೇತ. ಇದ್ದಿಲ ಸಮೇತ.
ನಗು ಬರುವ ಕಡೆ, ಅವನಂತೆಯೇ, ತುಸು ತಡೆದು.
ಮೂರನೇ ಸಾಲಿನ ಸದಸ್ಯೆಯೊಬ್ಬಳು ನಕ್ಕೇಬಿಟ್ಟಳು,
ಫೈಲು ಅಡ್ಡ ಹಿಡಿದಳು.

ಮೈಕು ಆರಿಸಿ, ಕೂಗಿದ ಬೆಡ್ನಾರ್.
ಯಾರ ಮೈಕು ಸಾರ್, ಕೇಳಿದ ವಯರಿನ ಹುಡುಗ.
ಅವನು ನನ್ನತ್ತ ಬೆರಳು ತೋರಿಸಿದ.

ನಡಾವಳಿ ಪುಸ್ತಕದಲ್ಲಿ ಹೇನು ‘ಸದಸ್ಯರ ಅಭಿಪ್ರಾಯ’,
ಕತ್ತೆ ‘ಅಡಚಣೆ’.
ನೀರಿನ ಅರ್ಜಿ ಮುಂದಿನ ತಿಂಗಳಿಗೆ.

ಮೆಟ್ಟಿಲ ಬಳಿ ಕಾರಿನ ಕೀಲಿ ಹಿಡಿದು ನಿಂತಿದ್ದ ಬೆಡ್ನಾರ್.
ಕಣ್ಣು ಕೆಂಪಗಿತ್ತು.
‘ಅದರಲ್ಲಿ ನೀನು ಸೇರಿಸಿದ್ದು ಎಷ್ಟು?’
ಏನೂ ಇಲ್ಲ, ಅಂದೆ.
ಬಸ್‌ಸ್ಟಾಪಿನಲ್ಲಿ ಕೊಲೊಮಾನ್ ಕೇಳಿದ, ರೊಮಾನಿಯಲ್ಲಿ,
ಅದನ್ನೇ.

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇತ್ತು.
ಅವನು ಕೈಚೀಲ ತೆಗೆದು ಜಾಗ ಮಾಡಿದ.
ನಾನು ಕಂಬಿ ಹಿಡಿದು ನಿಂತೇ ಇದ್ದೆ.