ಕಿವಿಯ ಹಿಂದೆ

ದೇವರ ಕಿವಿಯ ಹಿಂದೆ ಗರಗಸವಿಟ್ಟವನು ನಾನೇ.
ಮುಖಕ್ಕೆ ಗೀರು ಬೀಳಕೂಡದು ಅಂತ
ಯಂತ್ರ ಬಿಟ್ಟು ಕೈಯಲ್ಲೇ ಕೊಯ್ದೆವು,
ಮಲಗಿದ ಹಸುಳೆಯ ಉಗುರು ತೆಗೆವ ಹಾಗೆ
ಉಸಿರು ಬಿಗಿಹಿಡಿದು.
ಮೂರು ಸಾವಿರ ವರ್ಷದ ಕಲ್ಲು
ಹುಡಿಯಾಗಿ ನನ್ನ ರೆಪ್ಪೆಯ ಮೇಲೆ ಕೂತಿತು.

ಪ್ರತಿ ಕಲ್ಲಿಗೂ ಒಂದು ಸಂಖ್ಯೆ.
ಅದಕ್ಕೂ ಮೊದಲೇ ನಮ್ಮ ಮನೆಯ ಗೋಡೆಗೊಂದು:
ನೂರಾ ಹದಿನೇಳು, ಸುಣ್ಣದ ಮೇಲೆ ಕೆಂಪಗೆ, ಸೋರಿ.
ಕಲ್ಲುಗಳು ಗುಡ್ಡ ಹತ್ತಿದವು, ಒಂದೂ ತಪ್ಪದೆ ಕೂಡಿಕೊಂಡವು.
ಮನೆ ಅಲ್ಲೇ ನಿಂತಿತು.
ಬಾಗಿಲ ಮೇಲೆ ಅಜ್ಜಿ ಮೆತ್ತಿದ್ದ ನೀಲಿ ಪಿಂಗಾಣಿ ತಟ್ಟೆ
ಕೀಳಹೋದರೆ
ನನ್ನ ಕೈಯಲ್ಲೇ ಒಡೆಯಿತು.

ಹಡಗು ಹೊರಡುವ ಬೆಳಿಗ್ಗೆ ಅಜ್ಜಿ ನಬ್ರಾ ಕಾಣಲಿಲ್ಲ.
ಸಿಕ್ಕಿದ್ದು ಗೋರಿಗಳ ನಡುವೆ,
ತಲೆಯ ಮೇಲಿನ ಕೊಡ ಇಳಿಸಿ
ತಾತನ ಬಟ್ಟಲಿಗೆ ನೀರು ಹೊಯ್ಯುತ್ತಾ.
‘ಅಜ್ಜೀ, ಮುಂದಿನ ನೆರೆಗೆ ನೈಲ್ ನದಿಯೇ ಇಲ್ಲಿಗೆ ಬರುತ್ತದಲ್ಲ.’
‘ಬರಲಿ. ಅದಕ್ಕೆ ಇವನ ಹೆಸರು ಗೊತ್ತೇ?’
ಅಂದು, ಬಟ್ಟಲು ತುಂಬಿ ಹರಿದರೂ
ಹೊಯ್ಯುತ್ತಲೇ ಇದ್ದಳು.
ಹಡಗು ಎರಡು ಸಲ ಕೂಗಿತು.

ಈಗ ಬಂದವರು ಕತ್ತೆತ್ತಿ ಕೇಳುತ್ತಾರೆ:
ಬೆಸುಗೆಯೇ ಕಾಣದಲ್ಲ, ಎಲ್ಲಿ ಕೊಯ್ದಿರಿ?
ನನಗೆ ಗೊತ್ತು. ತೋರಿಸುವುದಿಲ್ಲ.
ಕೆಳಗೆ, ದೂರದಲ್ಲಿ, ಸರೋವರದ ಆ ಜಾಗ
ಉಳಿದ ನೀರಿನ ಹಾಗೆಯೇ ಹೊಳೆಯುತ್ತದೆ.