ಹಾಜರಿ

ಶನಿವಾರ ಸಂಜಿ ಆರು. ನವನಗರದಾಗ
ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ.
ದಾಳ ಹಾಕಿ ಕತಿ ಕಟ್ಟೂ ಆಟಕ್ಕ ಐದು ಕುರ್ಚಿ,
ಕುರ್ಚಿಗೆ ನೂರೈವತ್ತು, ಚಹಾ ನಂದು.
ಬರಾಂಗಿಲ್ಲಂದ್ರ ಗುರುವಾರದೊಳಗ ಹೇಳ್ರಿ,
ಇಲ್ಲಾಂದ್ರ ರೊಕ್ಕ ವಾಪಸ್ ಇಲ್ಲ:
ಬರದು ಗೋಡಿಗೆ ಹಚ್ಚಾಂವ ನಾನೇ.

ಇವತ್ತು ಮೂರೇ ಮಂದಿ.
ಗುರುಪಾದನ ಅಕ್ಕನ ಕುಬಸ, ಮೊದಲೇ ಹೇಳಿದ್ದ;
ಅವನ ಬಿಲ್ಲುಗಾರಗ ಜ್ವರ ಬರಿಸಿ
ಧರ್ಮಶಾಲಿಯೊಳಗ ಮಲಗಿಸೀನಿ.
ಮುಬೀನಾ ಹೇಳಲಿಲ್ಲ.
ಆಕಿ ಆಡೂ ಕಳ್ಳಿ, ಹೋದ ವಾರ ಬಿಟ್ಟಲ್ಲೇ,
ಮುಳುಗಿದ ಊರಿನ ಅಗಸಿಯೊಳಗ
ಮೊಣಕಾಲುದ್ದ ನೀರಾಗ
ಕಂದೀಲ ಹಿಡಕೊಂಡು ನಿಂತಾಳ.
(ಮುಳುಗಿದ ಊರು ನಾ ವಿಚಾರ ಮಾಡಿ ಬರದಿದ್ದಲ್ಲ.
ಬಾಗಲಕೋಟಿಯವರ ಕೈಗೆ ಅದು ತಾನೇ ಬರತೈತಿ.)

'ಆಕಿನ್ನ ಕೊಂದ್ಬಿಡ್ರಿ ಸರ,' ಅಂದ ವಿಠೋಬ,
'ಆಟ ಮುಂದ ಹೋಗ್ಲಿ.'
ದಾಳ ಕೈಯಾಗ ಹಿಡಕೊಂಡೇ ಚಹಾ ಕುಡದೆ.

ಎಂಟಕ್ಕ ಫೋನು ಗುಂಯ್ ಅಂತು:
'ಡಬಲ್ ಡ್ಯೂಟಿ ಬಿತ್ತ್ರಿ. ರಾತ್ರಿಗೆ ಮೂರು ಹೆರಿಗಿ.
ನನ್ನ ಕಂದೀಲ ಆರಿಲ್ಲಲ್ಲ?'

ರಿಜಿಸ್ಟರ್‌ದಾಗ ಆಕಿ ಹೆಸರಿನ ಮುಂದ
'ಗೈ' ಅಂತ ಬರದಿದ್ದೆ. ಗೀಚಿ ಹೊಡದೆ.
ನೂರೈವತ್ತು, ಮುಂದಿನ ವಾರಕ್ಕ ಜಮಾ.
ಗೋಡಿ ಕಡೆ ನಾ ನೋಡಲಿಲ್ಲ.
ವಿಠೋಬ ನೋಡಿದ.