ನಲವತ್ತೆಂಟು ತುಂಡು

ಟಿಕೆಟ್ಟಿಗೆ ಮಿಷನ್ನು ಬಂದ ಮೇಲೆ
ಕಿವಿಯ ಹಿಂದಿನ ಪೆನ್ಸಿಲ್ಲಿಗೆ ಕೆಲಸವಿರಲಿಲ್ಲ.
ಬನಶಂಕರಿಯಲ್ಲಿ ಬಸ್ಸು ನಿಲ್ಲುವ ಹತ್ತು ನಿಮಿಷ,
ಡ್ರೈವರ್ ಸಿದ್ದಬೀರಣ್ಣ ಟೀ ಕುಡಿದು ಬರುವಷ್ಟರಲ್ಲಿ,
ಹಳೇ ವೇಬಿಲ್ಲಿನ ಬೆನ್ನಿಗೆ ಯಾರನ್ನಾದರೂ ಇಳಿಸಿಕೊಳ್ಳುತ್ತಿದ್ದೆ:
ಕಂಬಿಗೆ ಹಣೆ ಆನಿಸಿ ನಿದ್ದೆಹೋದವರು,
ಮಡಿಲಲ್ಲಿ ಹೂಕೋಸು ಇಟ್ಟುಕೊಂಡವರು,
ಸ್ಟಾಪು ತಪ್ಪಿ ಕೊನೆವರೆಗೂ ಬಂದವರು.

ಹನ್ನೊಂದು ವರ್ಷ ಸೀಸದ ಕಡ್ಡಿಯ ಸಂಸಾರ.
ಸೋಕಿದರೆ ಮಂಜು, ಒತ್ತಿದರೆ ಇರುಳು,
ತಪ್ಪಿದರೆ ರಬ್ಬರು.
ಊರೆಲ್ಲ ಬೂದಿ ಬಣ್ಣವಾಗಿತ್ತು.
ಬೇಜಾರೇನೂ ಇರಲಿಲ್ಲ.

ಅವೆನ್ಯೂ ರಸ್ತೆಯ ಸಂದಿಯಂಗಡಿಯಲ್ಲಿ
ಓಟಿ ದುಡ್ಡು ಎಣಿಸಿ ಕೊಟ್ಟು ತಂದೆ ಡಬ್ಬಿಯನ್ನು.
ಸ್ಪಂಜಿನ ಗುಳಿಗಳಲ್ಲಿ
ಆಸ್ಪತ್ರೆಯ ಕೂಸುಗಳ ಹಾಗೆ ಸಾಲಾಗಿ ಮಲಗಿದ
ನಲವತ್ತೆಂಟು ಪೇಸ್ಟಲ್ ತುಂಡು.
‘ಬೀಳಿಸ್ಬೇಡಿ ಮೇಡಂ, ಹಪ್ಪಳದ ಥರ’ ಅಂದ ಅಂಗಡಿಯವ.
ಮೂರು ವಾರ ಮುಚ್ಚಳ ತೆಗೆದು ನೋಡಿದೆ, ಮುಚ್ಚಿದೆ.
ಬಂದವರಿಗೆಲ್ಲ ತೋರಿಸಿದೆ, ಮುಟ್ಟಗೊಡಲಿಲ್ಲ.

ಕೊನೆಗೊಂದು ಭಾನುವಾರ, ಬದನೆಕಾಯಿ.

ಮೊದಲು ಮೊನೆ ಹುಡುಕಿದೆ. ಇದಕ್ಕೆ ಮೊನೆಯೇ ಇಲ್ಲ!
ಬ್ಲೇಡು ಹಿಡಿದು ಹೆರೆಯಹೋದೆ,
ಅರ್ಧ ನೇರಳೆ ನೈಟಿಯ ಮೇಲೆ ಸುರಿಯಿತು.
ಗೆರೆ ಎಳೆದು ಒಳಗೆ ತುಂಬಿದೆ,
ಬದನೆಕಾಯಿ ಬೇಲಿಯೊಳಗೆ ಸಿಕ್ಕಿ ಕೂತಿತು.
ನೆರಳಿಗೆ ಕಪ್ಪು ತಿಕ್ಕಿದೆ, ಕೈಗೆ ಗೊತ್ತಿದ್ದದ್ದು ಅದೊಂದೇ,
ಎಣ್ಣೆಗಾಯಿಗೂ ಬಾರದ ಹಾಗೆ ಸೀದುಹೋಯಿತು.
ರಬ್ಬರಿಟ್ಟರೆ ಕೆಸರು.
ಬಾಲ್ಕನಿಗೆ ತಂದು ಉಫ್ ಎಂದೆ,
ಕೆಳಗಿನ ಮನೆ ಜಬೀನಾಳ ಬಿಳೀ ದುಪಟ್ಟಾಕ್ಕೆ
ಹಬ್ಬವಾಯಿತು.

ಜಗಳಕ್ಕೇ ಹತ್ತಿ ಬಂದಳು. ಡಬ್ಬಿ ನೋಡಿ ಸುಮ್ಮನಾದಳು.
ಶಿವಾಜಿನಗರದ ಮ್ಯಾಚಿಂಗ್ ಸೆಂಟರಿನಲ್ಲಿ
ಹದಿನಾರು ವರ್ಷದಿಂದ ಬ್ಲೌಸ್ ಪೀಸು ಹರಿಯುವ ಹೆಂಗಸು.
ಬೆರಳಾಡಿಸುತ್ತ ಒಂದೊಂದನ್ನೇ ಕರೆದಳು:
ಈರುಳ್ಳಿ ಸಿಪ್ಪೆ, ನವಿಲು ಕತ್ತು, ಮೆಂತ್ಯ,
‘ಇದು ಓಡಲ್ಲ ಅಕ್ಕ, ಯಾರೂ ಕೇಳಲ್ಲ.’
ಆಮೇಲೆ ಬದನೆಕಾಯಿಯ ತೊಟ್ಟು ಹಿಡಿದೆತ್ತಿ,
‘ಟ್ಯೂಬ್‌ಲೈಟಲ್ಲಿ ಬಣ್ಣ ಸುಳ್ಳು ಹೇಳತ್ತೆ. ಬಾಗಿಲಿಗೆ ತನ್ನಿ.’

ತಂದೆವು.
ಅದರ ಹೊಟ್ಟೆಯಲ್ಲಿ ಎದುರುಮನೆಯ ಹಸಿರು ಗೋಡೆ ಇತ್ತು.
ಬೆನ್ನಿನಲ್ಲಿ ಒಂದು ಚೂರು ಆಕಾಶ.
ನೆರಳೆಂದುಕೊಂಡಲ್ಲಿ ಕೆಂಪು ಇತ್ತು,
ಗಾಯ ಮಾಯುವ ಹೊತ್ತಿನ ಕೆಂಪು.
ಕಪ್ಪು ಎಲ್ಲೂ ಇರಲಿಲ್ಲ.

ಒಂದನೇ ಕ್ಲಾಸಿನಲ್ಲಿ ಪಂಕಜಾಕ್ಷಿ ಮಿಸ್ಸು
ಸ್ಲೇಟಿನ ಮೇಲೆ ದಪ್ಪ ‘ಅ’ ಬರೆದು ‘ತಿದ್ದು’ ಅನ್ನುತ್ತಿದ್ದರು.
ಬಳಪ ಹಿಡಿದು ಅದರ ಮೇಲೆ, ಮತ್ತೆ ಅದರ ಮೇಲೆ,
ಅಕ್ಷರ ಊದಿಕೊಂಡು ಕುಂಬಳಕಾಯಾಗುವ ತನಕ.
ಅಳಿಸು ಅಂತ ಅರ್ಥವಿರಲಿಲ್ಲ ಆಗ ಆ ಮಾತಿಗೆ.
ಯಾವಾಗ ಬಂತೋ.

ಹಾಳಾದ ಹಾಳೆಯ ಮೇಲೆಯೇ ಕೆಂಪು ಹಾಕಿದೆ.
ಕೆಂಪಿನ ಮೇಲೆ ನವಿಲು ಕತ್ತು. ಹೆಬ್ಬೆರಳಲ್ಲಿ ಸವರಿದೆ.
ಕೊನೆಗೆ, ಜಬೀನಾ ಬೇಡವೆಂದಿದ್ದ ಆ ಮೆಂತ್ಯದ ತುಂಡಿನಿಂದ
ಒಂದೇ ಚುಕ್ಕೆ ಬೆಳಕು.
ಬದನೆಕಾಯಿಯ ಹಾಗೆ ಕಾಣಲಿಲ್ಲ, ನಿಜ.
ಆದರೆ ಏನೋ ದುಂಡಗಿತ್ತು ಅಲ್ಲಿ.

ಸೋಮವಾರ, ಐದೂಮುಕ್ಕಾಲರ ಟ್ರಿಪ್ಪು.
ಉಗುರ ಸಂದಿಯ ನೀಲಿ ನೋಡಿ ಒಬ್ಬ,
‘ಎಲೆಕ್ಷನ್ ಯಾವಾಗಾಯ್ತು ಮೇಡಂ, ನಮ್ಗೆ ಹೇಳ್ಲೇ ಇಲ್ಲ?’
ಬಸ್ಸು ನಕ್ಕಿತು, ನಾನೂ.
ಮೂರನೇ ಸೀಟಿನಲ್ಲಿ ದಿನಾ ನಿದ್ದೆಹೋಗುವ ಹೆಂಗಸಿಗೆ
ಸೊನ್ನೆ ಟಿಕೆಟ್ಟು ಕೊಡಲು ಬಗ್ಗಿದೆ.
ಎಷ್ಟು ಸಲ ಬರೆದಿದ್ದೇನೋ ಇವಳನ್ನು,
ಗದ್ದದ ಕೆಳಗೆ ಗಪ್ಪನೆ ಕತ್ತಲು ತುಂಬಿ.
ಕಿಟಕಿಯ ಬಿಸಿಲು ಅವಳ ಸೆರಗಿಗೆ ಬಡಿದು
ಮೇಲಕ್ಕೆ ಪುಟಿದು
ಗದ್ದದಡಿಯಲ್ಲಿ ಅರಿಸಿನ ಹಚ್ಚುತ್ತಿತ್ತು.

ಮುಂದಿನಿಂದ ಸಿದ್ದಬೀರಣ್ಣ:
‘ರೈಟ್ ಹೇಳಮ್ಮೋ, ಸಿಗ್ನಲ್ ಬೀಳ್ತದೆ!’